ಯಾರೂ ಒಂಟಿಯಾಗಿ ಹುಟ್ಟುವುದಿಲ್ಲ



‘ಬರುವಾಗ ಒಬ್ಬರೇ ಬಂದೆವು, ಹೋಗುವಾಗಲೂ ಒಬ್ಬರೇ ಹೋಗಬೇಕು’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಸಾವು ಸಂಭವಿಸಿದ ಮನೆಯಲ್ಲಿ, ಸಾಲದ ಬಾಧೆಯಲ್ಲಿ, ಅಣ್ಣತಮ್ಮಂದಿರು ಪಾಲಾಗಿ ಬೇರೆಯಾದ ದಿನದಲ್ಲಿ ಮನಸ್ಸಿನ ಸಮಾಧಾನಕ್ಕಾಗಿ ಹಿರಿಯರು ಹೀಗೆ ಹೇಳುವುದುಂಟು. ಸಾವಿನ ವಿಚಾರವನ್ನು ತಿಳಿದವರಿಗೆ ಬಿಡೋಣ. ಆದರೆ ಈ ಮಾತಿನ ಮೊದಲನೆಯ ಅರ್ಧವು ವೈದ್ಯಶಾಸ್ತ್ರಕ್ಕೆ ಸೇರಿದ್ದು, ಅದು ನಿಜವಲ್ಲ. ಹೆರಿಗೆ ಕೊಠಡಿಯಲ್ಲಿ ಕೆಲಸ ಮಾಡುವ ವೈದ್ಯರೂ ದಾದಿಯರೂ ಇದನ್ನು ಪ್ರತಿದಿನವೂ ಕಾಣುತ್ತಾರೆ. ಯಾವ ಮನುಷ್ಯನೂ ಒಬ್ಬನೇ ಬಂದವನಲ್ಲ, ಒಬ್ಬನೇ ಬೆಳೆದವನೂ ಅಲ್ಲ.

ಹಾಗಿದ್ದರೂ ಹತ್ತು ಜನರಿರುವ ಮನೆಯಲ್ಲಿಯೇ ಒಬ್ಬರು ಒಂಟಿಯಾಗಿ ಕೊರಗುವುದುಂಟು. ಮುಖ್ಯವಾಗಿ ಬಾಣಂತಿಯರಲ್ಲಿ ಈ ಕೊರಗು ಕಾಯಿಲೆಯಾಗಿ ಬೆಳೆದು ಪ್ರಾಣಕ್ಕೇ ಅಪಾಯ ತರಬಹುದು. ಆದುದರಿಂದ ನಮ್ಮ ದೇಹಗಳು ಒಂದನ್ನೊಂದು ಹೇಗೆ ಆಶ್ರಯಿಸಿವೆ, ಆ ಆಸರೆ ಎಲ್ಲಿ ತಪ್ಪುತ್ತದೆ, ಅದು ತಪ್ಪದಂತೆ ಗಂಡಹೆಂಡಿರು ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಗರ್ಭದಲ್ಲಿನ ಜೊತೆ

ಗರ್ಭಕೋಶದಲ್ಲಿರುವ ಶಿಶುವು ತನ್ನ ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ತನ್ನ ಹೊಟ್ಟೆಯಿಂದ ಆಹಾರ ಪಡೆಯುವುದಿಲ್ಲ. ಈ ಎರಡು ಕೆಲಸಗಳನ್ನೂ ಮಾಸು ನಡೆಸಿಕೊಡುತ್ತದೆ. ಹೆರಿಗೆಯಾದ ಮೇಲೆ ಹೂತುಹಾಕುವ ಈ ಮಾಸು ಸುಮಾರು ಅರ್ಧ ಕಿಲೋ ತೂಗುವ ಒಂದು ಅಂಗ. ಅದರ ಬಹುಭಾಗವು ಶಿಶುವಿನ ಜೀವಕೋಶಗಳಿಂದಲೇ ಬೆಳೆದು, ತಾಯಿಯ ಗರ್ಭಕೋಶದ ಗೋಡೆಯಲ್ಲಿ ಬೇರೂರಿ ನಿಂತಿರುತ್ತದೆ. ಅಲ್ಲಿ ತಾಯಿಯ ರಕ್ತವೂ ಶಿಶುವಿನ ರಕ್ತವೂ ಒಂದಾಗಿ ಸೇರಿ ಹರಿಯುವುದಿಲ್ಲ. ತೆಳುವಾದ ಪೊರೆಯೊಂದರ ಆಚೆಗೊಂದು, ಈಚೆಗೊಂದು ಹರಿಯುತ್ತವೆ. ಆ ಪೊರೆಯ ಮೂಲಕ ಪ್ರಾಣವಾಯುವೂ ಆಹಾರಾಂಶಗಳೂ ಶಿಶುವನ್ನು ಸೇರುತ್ತವೆ. ಶಿಶುವಿನ ದೇಹದ ಕಲ್ಮಶಗಳು ತಾಯಿಯ ರಕ್ತವನ್ನು ಸೇರಿ, ಆಕೆಯ ಶ್ವಾಸಕೋಶ ಮತ್ತು ಮೂತ್ರಪಿಂಡಗಳ ಮೂಲಕ ಹೊರಬೀಳುತ್ತವೆ.

ಈ ಭಾರವನ್ನು ಹೊರುವುದಕ್ಕಾಗಿ ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣವು ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಅಷ್ಟು ಹೊಸ ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶವು ಆಕೆಯ ಊಟದಿಂದಲೂ ಮಾತ್ರೆಗಳಿಂದಲೂ ಬರಬೇಕು. ಗರ್ಭಿಣಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನಗಳು, ಹೆರಿಗೆಯ ನಂತರ ಮತ್ತೆ 180 ದಿನಗಳು ಕಬ್ಬಿಣದ ಮಾತ್ರೆ ಕೊಡುವುದು ಇದಕ್ಕಾಗಿಯೇ. ಮನೆಯವರೆಲ್ಲ ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಸೊಸೆ ಉಣ್ಣುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಅಂತಹ ಮನೆಯಲ್ಲಿ ಶಿಶುವೂ ಉಳಿದದ್ದನ್ನೇ ಉಣ್ಣುತ್ತದೆ. ಗಂಡನಾದವನು ‘ಬಾ, ನನ್ನ ಜೊತೆಯಲ್ಲೇ ಕುಳಿತು ಊಟ ಮಾಡು’ ಎಂದು ಕರೆದರೆ ಅದು ಔಷಧಿಗೆ ಸಮ. ಸೊಪ್ಪು, ಕಾಳು, ರಾಗಿ, ಮೊಟ್ಟೆ ಇವುಗಳಲ್ಲಿ ಮೊದಲ ಪಾಲು ಆಕೆಗೆ ಸಲ್ಲಲಿ.

ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯು ರೋಗನಿರೋಧಕ ವಸ್ತುಗಳನ್ನು ಸಹ ಮಾಸಿನ ಮೂಲಕ ಶಿಶುವಿಗೆ ದಾಟಿಸುತ್ತಾಳೆ. ಗರ್ಭಿಣಿಗೆ ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರೆ ಹುಟ್ಟುವ ಮಗುವಿಗೂ ರಕ್ಷಣೆ ದೊರೆಯುವುದು ಹೀಗೆ. ಒಂದು ಕಾಲದಲ್ಲಿ ಹುಟ್ಟಿದ ವಾರದಲ್ಲೇ ಎಷ್ಟೋ ಕೂಸುಗಳನ್ನು ಕೊಂಡೊಯ್ಯುತ್ತಿದ್ದ ನವಜಾತ ಧನುರ್ವಾಯುವು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಭಾರತದಲ್ಲಿ ಉಳಿದಿಲ್ಲವೆಂದು 2015ರಲ್ಲಿ ದೃಢಪಟ್ಟಿತು. ಚುಚ್ಚುಮದ್ದು ಮುಂದುವರಿದರೆ ಮಾತ್ರ ಆ ಸ್ಥಿತಿಯೂ ಉಳಿಯುತ್ತದೆ.

ಕೊಡುವವಳು ತಾಯಿ, ಪಡೆಯುವುದು ಮಗು ಎಂದಷ್ಟೇ ತಿಳಿಯಬೇಡಿರಿ. ಶಿಶುವಿನ ಕೆಲವು ಜೀವಕೋಶಗಳು ಮಾಸನ್ನು ದಾಟಿ ತಾಯಿಯ ದೇಹವನ್ನು ಸೇರುತ್ತವೆ. ಗಂಡುಮಗುವನ್ನು ಹೆತ್ತು 27 ವರ್ಷಗಳಾದ ಮೇಲೂ ಒಬ್ಬ ತಾಯಿಯ ರಕ್ತದಲ್ಲಿ ಅಂತಹ ಜೀವಕೋಶಗಳು ಇದ್ದುದನ್ನು ವಿಜ್ಞಾನಿಗಳು 1996ರಲ್ಲಿ ಪ್ರಕಟಪಡಿಸಿದರು. ಮಗನು ದೊಡ್ಡವನಾಗಿ ಪಟ್ಟಣ ಸೇರಿದ್ದರೂ ಅವನ ಒಂದು ಕಣವು ಹೆತ್ತವಳಲ್ಲಿ ಉಳಿದಿರಬಹುದು. ‘ಕರುಳಬಳ್ಳಿ’ ಎಂಬ ನಮ್ಮ ಮಾತಿಗೆ ದೇಹದಲ್ಲಿಯೇ ಇಷ್ಟು ಆಧಾರವಿದೆ.

ಹೆರಿಗೆಗೆ ಇನ್ನೊಬ್ಬರ ಕೈ ಏಕೆ ಬೇಕು?

ಮೇಕೆಯು ಈಯುವ ಹೊತ್ತಿಗೆ ಮಂದೆಯಿಂದ ಸರಿದು ಒಂದು ಮೂಲೆಗೆ ಹೋಗುವುದನ್ನು ನೀವು ನೋಡಿರುತ್ತೀರಿ. ಸಾಮಾನ್ಯವಾಗಿ ಅದಕ್ಕೆ ಯಾರ ನೆರವೂ ಬೇಕಾಗುವುದಿಲ್ಲ. ಮನುಷ್ಯರ ಹೆರಿಗೆ ಹಾಗಲ್ಲ. ಎರಡು ಕಾಲುಗಳ ಮೇಲೆ ನೆಟ್ಟಗೆ ನಡೆಯುವ ನಮ್ಮ ಸೊಂಟದ ಎಲುಬಿನ ಗೂಡಿನಲ್ಲಿ ಹೆರಿಗೆಯ ದಾರಿ ಇಕ್ಕಟ್ಟಾಗಿದೆ. ಶಿಶುವಿನ ತಲೆ ಮಾತ್ರ ದೊಡ್ಡದು. ಶಿಶುವು ತಿರುಗುತ್ತಾ ತಿರುಗುತ್ತಾ ಇಳಿಯಬೇಕು. ಹೊರಬರುವಾಗ ಅದರ ಮುಖವು ಸಾಮಾನ್ಯವಾಗಿ ತಾಯಿಯ ಬೆನ್ನಿನ ಕಡೆಗಿರುತ್ತದೆ. ತಾಯಿ ತಾನೇ ಕೈಚಾಚಿ ಎಳೆದುಕೊಂಡರೆ ಕೂಸಿನ ಕುತ್ತಿಗೆಗೆ ಪೆಟ್ಟಾಗಬಹುದು. ಕೊರಳಿಗೆ ಸುತ್ತಿಕೊಂಡ ಹೊಕ್ಕುಳಬಳ್ಳಿಯನ್ನು ಬಿಡಿಸುವುದೂ ಆಕೆಗೆ ಕಷ್ಟ. ಆದಕಾರಣ ಹೆರುವಾಗ ಇನ್ನೊಬ್ಬರ ನೆರವು ಪಡೆಯುವ ರೂಢಿಯು ಮನುಷ್ಯಕುಲದಷ್ಟೇ ಹಳೆಯದಿರಬೇಕೆಂದು ಮಾನವಶಾಸ್ತ್ರಜ್ಞೆಯರಾದ ಕರೆನ್ ರೋಸೆನ್‌ಬರ್ಗ್ ಮತ್ತು ವೆಂಡಾ ಟ್ರೆವಾಥನ್ ವಾದಿಸಿದ್ದಾರೆ.

ನಮ್ಮ ನಾಡಿನಲ್ಲಿ ಆ ನೆರವಿನ ಕೈ ಸೂಲಗಿತ್ತಿಯದಾಗಿತ್ತು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹಣ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇಂದು ರಕ್ತಸ್ರಾವ, ಗರ್ಭನಂಜು ಮುಂತಾದ ಕೇಡುಗಳನ್ನು ತಡೆಯುವ ಸಾಧನಗಳು ಆಸ್ಪತ್ರೆಯಲ್ಲಿವೆ. ಆದ್ದರಿಂದ ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿವೆ.

ಆದರೆ ಸೂಲಗಿತ್ತಿಯು ಕೂಸನ್ನು ಹಿಡಿಯುವುದರ ಜೊತೆಗೆ ಮತ್ತೊಂದು ಕೆಲಸವನ್ನೂ ಮಾಡುತ್ತಿದ್ದಳು. ಬೆನ್ನು ನೀವುತ್ತಾ, ಬೆವರು ಒರೆಸುತ್ತಾ, ‘ಇನ್ನೇನು, ಆಯಿತು ಮಗಳೇ’ ಎಂದು ಧೈರ್ಯ ಹೇಳುತ್ತಿದ್ದಳು. ನೋವಿನ ಹೊತ್ತಿನಲ್ಲಿ ನಂಬುಗೆಯ ವ್ಯಕ್ತಿಯೊಬ್ಬರು ಪಕ್ಕದಲ್ಲಿದ್ದರೆ ಹೆರಿಗೆಯ ನೋವಿನ ಅವಧಿ ಕಡಿಮೆಯಾಗುತ್ತದೆ, ಶಸ್ತ್ರಚಿಕಿತ್ಸೆಯ ಹೆರಿಗೆಗಳೂ ಕಡಿಮೆಯಾಗುತ್ತವೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಸಂಗಾತಿಯೊಬ್ಬರು ಜೊತೆಗಿರಲು ಭಾರತ ಸರ್ಕಾರವು 2016ರಲ್ಲಿ ಅವಕಾಶ ನೀಡಿತು. ತಾಯಿ, ಅತ್ತೆ, ಅಕ್ಕ, ಸ್ವತಃ ಹೆತ್ತು ಅನುಭವವಿರುವ ಗೆಳತಿ, ಹೀಗೆ ಯಾರು ಜೊತೆಗಿರಬೇಕೆಂಬುದನ್ನು ಗರ್ಭಿಣಿಯೇ ಆರಿಸಿಕೊಳ್ಳಲಿ. ಇದನ್ನು ಮೊದಲೇ ದಾದಿಯವರಿಗೆ ತಿಳಿಸಿರಿ.

ಕೇಡಿನ ಹೊತ್ತಿನಲ್ಲಿ

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶವು ಗಟ್ಟಿಯಾಗಿ ಮುದುಡಿಕೊಳ್ಳದಿದ್ದರೆ, ಆರೋಗ್ಯವಂತ ಹೆಂಗಸೂ ಕೆಲವೇ ಗಂಟೆಗಳಲ್ಲಿ ರಕ್ತ ಹೋಗಿ ಸಾಯಬಹುದು. ತಾಯಂದಿರ ಸಾವಿಗೆ ಕಾರಣವಾಗುವ ವಿಳಂಬಗಳನ್ನು ತಜ್ಞರು ಮೂರಾಗಿ ವಿಂಗಡಿಸಿದ್ದಾರೆ. ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವುದರಲ್ಲಿ ತಡ, ಆಸ್ಪತ್ರೆಯನ್ನು ಮುಟ್ಟುವುದರಲ್ಲಿ ತಡ, ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರೆಯುವುದರಲ್ಲಿ ತಡ. ಮೂರನೆಯದು ನಮ್ಮ ಇಲಾಖೆಯ ಹೊಣೆ. ಎರಡನೆಯದು ನಿಮ್ಮ ಮತ್ತು ನಮ್ಮ ಹೊಣೆ. ಉಚಿತ ಆಂಬುಲೆನ್ಸ್‌ಗಾಗಿ 108ಕ್ಕೆ ದೂರವಾಣಿ ಮಾಡಬೇಕು. ಮೊದಲನೆಯದು ನಿಮ್ಮ ಮನೆಯ ಒಳಗೇ ಇದೆ.

‘ಯಜಮಾನರು ಸಂತೆಯಿಂದ ಬರಲಿ’, ‘ಮಾವನವರನ್ನು ಕೇಳೋಣ’, ‘ಬೆಳಗಾಗಲಿ’ ಎಂದು ಕಾಯುವ ಹೊತ್ತಿನಲ್ಲಿ ಗರ್ಭಿಣಿಯ ಸುತ್ತ ಮನೆಯವರೆಲ್ಲ ಇದ್ದರೂ ಆಕೆ ಒಂಟಿಯೇ ಸರಿ. ರಕ್ತಸ್ರಾವ, ಸೆಳವು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳು ಊದುವುದು, ಜ್ವರ, ಕೂಸಿನ ಚಲನೆ ಕಡಿಮೆಯಾಗುವುದು, ನೀರು ಒಡೆದು ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಯಾರ ಅಪ್ಪಣೆಗೂ ಕಾಯದೆ ಹೊರಡುವ ಅಧಿಕಾರವನ್ನು ಗಂಡನು ಮೊದಲೇ, ಮನೆಯವರೆಲ್ಲರ ಎದುರಿನಲ್ಲಿ ಹೆಂಡತಿಗೆ ಕೊಟ್ಟಿರಬೇಕು.

ಆಸ್ಪತ್ರೆಯಲ್ಲಿ ರಕ್ತ ಬೇಕಾಯಿತೆಂದುಕೊಳ್ಳಿರಿ. ರಕ್ತವನ್ನು ಯಾವ ಕಾರ್ಖಾನೆಯೂ ತಯಾರಿಸುವುದಿಲ್ಲ. ಒಬ್ಬ ಮನುಷ್ಯನು ತೋಳು ಚಾಚಿ ಕೊಟ್ಟರೆ ಮಾತ್ರ ಅದು ಇನ್ನೊಬ್ಬರಿಗೆ ಸಿಗುತ್ತದೆ. ರಕ್ತನಿಧಿಯಲ್ಲಿ ಕೆಂಪು ರಕ್ತಕಣಗಳನ್ನು ಇಡಬಹುದಾದದ್ದು ಆರು ವಾರಗಳವರೆಗೆ ಮಾತ್ರ. ಇಂದು ಒಬ್ಬ ಬಾಣಂತಿಯ ಜೀವ ಉಳಿಸುವ ರಕ್ತವು ಕೆಲವೇ ವಾರಗಳ ಹಿಂದೆ, ಆಕೆಯ ಹೆಸರು ಊರು ಜಾತಿ ಯಾವುದನ್ನೂ ಅರಿಯದ ಒಬ್ಬರು ಕೊಟ್ಟದ್ದಾಗಿರುತ್ತದೆ. 18ರಿಂದ 65 ವರ್ಷದ, 45 ಕಿಲೋ ಅಥವಾ ಹೆಚ್ಚು ತೂಕವಿರುವ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಇದರಿಂದ ದುಡಿಯುವ ಶಕ್ತಿಯಾಗಲಿ ಪುರುಷತ್ವವಾಗಲಿ ಕುಂದುವುದಿಲ್ಲ.

ಮಗುವು ತಾಯಿಗೆ ಮಾಡುವ ಸಹಾಯ

ಹುಟ್ಟಿದ ಕರುವು ಒಂದೆರಡು ಗಂಟೆಗಳಲ್ಲಿ ಎದ್ದು ನಿಂತು ಕೆಚ್ಚಲನ್ನು ಹುಡುಕುತ್ತದೆ. ನಮ್ಮ ಕೂಸಿಗೆ ಹೆಜ್ಜೆಯಿಡಲು ಸುಮಾರು ಒಂದು ವರ್ಷ ಬೇಕು. ಇಷ್ಟು ಪರಾಧೀನವಾದ ಜೀವಿಯೂ ಹುಟ್ಟಿದ ಗಂಟೆಯಲ್ಲೇ ತಾಯಿಗೆ ಉಪಕಾರ ಮಾಡಬಲ್ಲದು. ಕೂಸು ಮೊಲೆ ಚೀಪಿದಾಗ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸವು ರಕ್ತಕ್ಕೆ ಬಿಡುಗಡೆಯಾಗುತ್ತದೆ. ಅದು ಹಾಲನ್ನು ಇಳಿಸುತ್ತದೆ. ಜೊತೆಗೆ ಗರ್ಭಕೋಶವನ್ನು ಮುದುಡಿಸಿ ರಕ್ತಸ್ರಾವವನ್ನು ಕಡಿಮೆ ಮಾಡಲು ನೆರವಾಗುತ್ತದೆ. ಆಸ್ಪತ್ರೆಯಲ್ಲಿ ಇದೇ ಕಾರಣಕ್ಕೆ ಕೊಡುವ ಚುಚ್ಚುಮದ್ದು ಕೂಡ ಆಕ್ಸಿಟೋಸಿನ್ನೇ. ತಾಯಿಯು ಮಗುವಿಗೆ ಹಾಲು ಕೊಡುತ್ತಾಳೆ. ಮಗುವು ಕುಡಿದು ತಾಯಿಯನ್ನು ಕಾಯುತ್ತದೆ.

ಆದ್ದರಿಂದ ಮೊದಲ ಗಂಟೆಯೊಳಗೇ ಮೊಲೆಯೂಡಿಸಿರಿ. ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಬೇಡಿರಿ. ರೋಗನಿರೋಧಕ ಶಕ್ತಿ ಅದರಲ್ಲಿದೆ. ಜೇನುತುಪ್ಪ, ಸಕ್ಕರೆ ನೀರು, ಬಜೆ ಮುಂತಾದವು ಬೇಡ. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ ಸಾಕು.

ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಕೂಸಿಗೆ ಮನುಷ್ಯರ ಮೈಶಾಖವೇ ಚಿಕಿತ್ಸೆ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಶಾಖದ ಪೆಟ್ಟಿಗೆಗಳು ಸಾಲದೆ ಹೋದಾಗ, ಅಲ್ಲಿನ ವೈದ್ಯರು 1970ರ ದಶಕದ ಕೊನೆಯಲ್ಲಿ ಕೂಸುಗಳನ್ನು ತಾಯಂದಿರ ಬರಿಯ ಎದೆಗೆ ಕಟ್ಟಿ ಬೆಳೆಸಲು ಆರಂಭಿಸಿದರು. ಕಾಂಗರೂ ಆರೈಕೆ ಎಂದು ಕರೆಯುವ ಈ ಕ್ರಮವು ಇಂದು ಲೋಕದಾದ್ಯಂತ ಬಳಕೆಯಲ್ಲಿದೆ. ಈ ಕೆಲಸವನ್ನು ತಂದೆಯೂ ಮಾಡಬಹುದು. ತಂದೆಯ ಎದೆಯಲ್ಲಿಯೂ ಶಾಖ ಉಂಟು.

ತುಂಬಿದ ಮನೆಯಲ್ಲಿ ಒಂಟಿತನ

ಇಷ್ಟೆಲ್ಲ ಬಂಧನಗಳಿದ್ದರೂ ಮನುಷ್ಯನು ಒಂಟಿಯಾಗುವುದು ಹೇಗೆ? ಜನ ಇಲ್ಲದುದರಿಂದ ಮಾತ್ರವಲ್ಲ, ತನ್ನ ಕಷ್ಟವನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲವೆನ್ನಿಸುವುದರಿಂದ.

ಬಾಣಂತಿಯ ಸ್ಥಿತಿಯನ್ನು ನೋಡಿರಿ. ಮೂರು ಹೊತ್ತು ಬಿಸಿಯೂಟ, ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಎಲ್ಲವೂ ನಡೆಯುತ್ತದೆ. ಬಂದವರೆಲ್ಲ ಕೂಸನ್ನು ಎತ್ತಿಕೊಂಡು ‘ಅಪ್ಪನ ಮೂಗು, ಅಜ್ಜನ ಹಣೆ’ ಎಂದು ಹೇಳಿ ಹೋಗುತ್ತಾರೆ. ‘ನಿನಗೆ ಹೇಗಿದೆಯಮ್ಮಾ?’ ಎಂದು ಆಕೆಯನ್ನು ಕೇಳುವವರು ಕಡಿಮೆ. ತವರಿನಿಂದ ಗಂಡನ ಮನೆಗೆ ಬಂದ ಮೇಲೆ ಹಟ್ಟಿಯ ಕೆಲಸ, ಒಲೆಯ ಕೆಲಸ, ರಾತ್ರಿಯ ಅಳು, ಎಲ್ಲವೂ ಒಬ್ಬಳ ಮೇಲೆಯೇ ಬೀಳುತ್ತವೆ. ಗಂಡನು ದುಡಿಮೆಗಾಗಿ ಬೆಂಗಳೂರಿಗೋ ಗೋವೆಗೋ ಹೋಗಿದ್ದರೆ ಹೇಳಿಕೊಳ್ಳಲು ಅವನೂ ಇಲ್ಲ.

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು, ಮನಸ್ಸು ಹೊಯ್ದಾಡುವುದು ಬಹಳ ತಾಯಂದಿರಲ್ಲಿ ಸಾಮಾನ್ಯ. ಎರಡು ವಾರಗಳೊಳಗೆ ಅದು ತಾನಾಗಿ ಕಡಿಮೆಯಾಗುತ್ತದೆ. ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ಕೂಸು ಮಲಗಿದ್ದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಕೂಸನ್ನು ಎತ್ತಿಕೊಳ್ಳಲು ಮನಸ್ಸಾಗದಿದ್ದರೆ, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಯೋಚನೆಯೇ ಕಾಡುತ್ತಿದ್ದರೆ, ಅದು ಬಾಣಂತಿಯರ ಖಿನ್ನತೆ ಎಂಬ ಕಾಯಿಲೆಯಾಗಿರಬಹುದು. ಇದು ಸೋಮಾರಿತನವಲ್ಲ, ಸೊಕ್ಕಲ್ಲ, ಗಾಳಿ ಸೋಕಿದ್ದೂ ಅಲ್ಲ. ಜ್ವರಕ್ಕೆ ಚಿಕಿತ್ಸೆ ಇರುವಂತೆ ಇದಕ್ಕೂ ಚಿಕಿತ್ಸೆ ಇದೆ. ಮೊಲೆಯೂಡಿಸುತ್ತಿರುವಾಗಲೇ ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ.

ತಾಯಿಗೆ ಇಲ್ಲದ ಧ್ವನಿಗಳು ಕೇಳಿಸಿದರೆ, ಮಾತು ಅಸ್ತವ್ಯಸ್ತವಾದರೆ, ತನ್ನನ್ನಾಗಲಿ ಕೂಸನ್ನಾಗಲಿ ಇಲ್ಲವಾಗಿಸುವ ಮಾತನ್ನಾಡಿದರೆ ಒಂದು ಗಳಿಗೆಯೂ ಆಕೆಯನ್ನು ಒಬ್ಬಳೇ ಬಿಡಬೇಡಿರಿ. ಅದೇ ದಿನ ಆಸ್ಪತ್ರೆಗೆ ಕರೆತನ್ನಿರಿ. ‘ಸುಮ್ಮನೆ ಹೇಳುತ್ತಾಳೆ’ ಎಂದು ತಳ್ಳಿಹಾಕಬೇಡಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇಲ್ಲಿ ಗಂಡನ ಪಾತ್ರ ದೊಡ್ಡದು. ದಿನಕ್ಕೊಮ್ಮೆ, ಇತರರಿಲ್ಲದಾಗ, ಹೆಂಡತಿಯ ಬಳಿ ಕುಳಿತು ‘ರಾತ್ರಿ ನಿದ್ದೆ ಬಂತೇ? ಏನಾದರೂ ಭಯವಾಗುತ್ತಿದೆಯೇ?’ ಎಂದು ಕೇಳಿರಿ. ಕೇಳಿದ ಮೇಲೆ ಉಪದೇಶ ಮಾಡದೆ ಆಲಿಸಿರಿ. ದೂರದಲ್ಲಿದ್ದರೆ ದೂರವಾಣಿಯಲ್ಲಿ ಮೊದಲು ಆಕೆಯ ಕ್ಷೇಮವನ್ನು ಕೇಳಿ, ಅನಂತರ ಕೂಸಿನದನ್ನು ಕೇಳಿರಿ. ಹಾಲು ಕುಡಿದ ಕೂಸನ್ನು ಎತ್ತಿಕೊಂಡು ತೇಗಿಸುವುದು, ಒದ್ದೆ ಬಟ್ಟೆ ಬದಲಿಸುವುದು, ತಾಯಿಯು ಎರಡು ಮೂರು ಗಂಟೆ ಒಂದೇ ಸಮನೆ ಮಲಗುವಂತೆ ಮಾಡುವುದು, ಇವೆಲ್ಲ ಗಂಡಸಿನ ಕೈಯಿಂದಲೂ ಆಗುವ ಕೆಲಸಗಳೇ.

ಹೆಣ್ಣು ಹೆತ್ತಳೆಂಬ ಕಾರಣಕ್ಕೆ ಮಾತು ಬಿಡುವ ಮನೆಗಳೂ ಇವೆ. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿಶ್ಚಯವಾಗುತ್ತದೆ; ತಾಯಿಯಿಂದಲ್ಲ. ಯಾರ ತಪ್ಪೂ ಅಲ್ಲದ ಸಂಗತಿಗೆ ಹಸಿಬಾಣಂತಿಯನ್ನು ದೂರುವುದು ಆಕೆಯನ್ನು ಕಾಯಿಲೆಗೆ ನೂಕಿದಂತೆ. ಮಕ್ಕಳಾಗದ ದಂಪತಿಗಳ ವಿಷಯವೂ ಅಷ್ಟೇ. ದೋಷವು ಗಂಡಿನಲ್ಲಿಯೂ ಇರಬಹುದು. ಪರೀಕ್ಷೆಗೆ ಇಬ್ಬರೂ ಬರಬೇಕು.

ಗಂಡಸರೇ, ಈ ಮಾತು ನಿಮಗೂ ಸಲ್ಲುತ್ತದೆ. ಬೆಳೆ ಕೈಕೊಟ್ಟಾಗ, ಸಾಲ ಏರಿದಾಗ ಮನೆಯಲ್ಲಿ ಹೇಳದೆ ಒಳಗೊಳಗೇ ಬೇಯುವುದು ಗಂಡಸುತನವೆಂದು ಹಲವರು ಭಾವಿಸಿದ್ದಾರೆ. ಹೆಂಡತಿಗೆ ಹೇಳಿರಿ, ಗೆಳೆಯನಿಗೆ ಹೇಳಿರಿ. 14416 ನಿಮಗಾಗಿಯೂ ಇದೆ.

ನೆರೆಮನೆಯ ಕೂಸು

ಆಸರೆಯು ಮನೆಯ ಹೊಸ್ತಿಲಿಗೆ ನಿಲ್ಲುವುದಿಲ್ಲ. ದಡಾರವು ಗಾಳಿಯ ಮೂಲಕ ಹರಡುವ ರೋಗ. ಲಸಿಕೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಅದು ತಗಲಬಹುದು. ದಡಾರದ ಮೊದಲ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಕೊಡಲಾಗುತ್ತದೆ. ಅದಕ್ಕಿಂತ ಚಿಕ್ಕ ಕೂಸನ್ನು ಕಾಯುವವರು ಯಾರು? ಸುತ್ತಲಿನ ದೊಡ್ಡ ಮಕ್ಕಳು. ನೂರಕ್ಕೆ 95 ಮಕ್ಕಳಿಗೆ ಎರಡೂ ಲಸಿಕೆಗಳಾಗಿದ್ದರೆ ರೋಗವು ಹರಡಲು ದಾರಿಯಿಲ್ಲದೆ ನಿಲ್ಲುತ್ತದೆ. ನಿಮ್ಮ ಮಗುವಿನ ಲಸಿಕೆಯು ಎದುರುಮನೆಯ ಮೂರು ತಿಂಗಳ ಕೂಸಿಗೂ ಕಾವಲು.

ಸಿಡುಬಿನ ಕೊನೆಯ ರೋಗಿಗಳು ಭಾರತದಲ್ಲಿ ಕಂಡುಬಂದದ್ದು 1975ರಲ್ಲಿ. ಪೋಲಿಯೋದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದಲ್ಲಿ 2011ರ ಜನವರಿಯಲ್ಲಿ ಕಂಡಿತು. 2014ರಲ್ಲಿ ನಮ್ಮ ಪ್ರದೇಶವನ್ನು ಪೋಲಿಯೋಮುಕ್ತವೆಂದು ಘೋಷಿಸಲಾಯಿತು. ಇವುಗಳನ್ನು ಒಂದು ಮನೆ ತಾನೊಂದೇ ಸಾಧಿಸಲಾರದು. ಮನೆಮನೆಗೆ ನಡೆದ ಕಾರ್ಯಕರ್ತೆಯರೂ ಬಾಗಿಲು ತೆರೆದ ತಾಯಂದಿರೂ ಸೇರಿ ಸಾಧಿಸಿದ ಕೆಲಸವದು.

ಇಬ್ಬರ ನಿರ್ಧಾರ

ಮಕ್ಕಳೆಷ್ಟು, ಯಾವಾಗ ಎಂಬುದನ್ನು ಸಹ ಹೆಂಡತಿಯೊಬ್ಬಳ ಮೇಲೆ ಹೊರಿಸಬೇಡಿರಿ. ಎರಡು ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿದ್ದರೆ ತಾಯಿಯ ರಕ್ತವೂ ಶಕ್ತಿಯೂ ಮರಳಿ ಕೂಡಿಕೊಳ್ಳುತ್ತವೆ. ಅಂತರಕ್ಕಾಗಿ ವಂಕಿ, ಮಾತ್ರೆ, ಚುಚ್ಚುಮದ್ದು, ನಿರೋಧ್ ಇವೆ. ಮಕ್ಕಳು ಸಾಕೆಂದು ಇಬ್ಬರೂ ನಿರ್ಧರಿಸಿದರೆ ಗಂಡಸರ ಶಸ್ತ್ರಚಿಕಿತ್ಸೆಯು ಹೆಂಗಸರದ್ದಕ್ಕಿಂತ ಸರಳ. ಹೊಲಿಗೆ ಬೇಕಿಲ್ಲ, ಅದೇ ದಿನ ಮನೆಗೆ ಹೋಗಬಹುದು. ದುಡಿಯುವ ಶಕ್ತಿಯೂ ದಾಂಪತ್ಯಸುಖವೂ ಕುಗ್ಗುವುದಿಲ್ಲ. ಆದರೆ ಮೊದಲ ಮೂರು ತಿಂಗಳು ಬೇರೊಂದು ವಿಧಾನವನ್ನು ಬಳಸಿ, ಅನಂತರ ವೀರ್ಯಪರೀಕ್ಷೆ ಮಾಡಿಸಿಕೊಳ್ಳಬೇಕು. ಯಾವ ವಿಧಾನವಾದರೂ ನಿಮ್ಮಿಬ್ಬರ ಸ್ವಂತ ಇಚ್ಛೆಯಿಂದಲೇ ಆಗಬೇಕು.

ಈಗಲೇ ಮಾಡಬೇಕಾದ ಸಿದ್ಧತೆ

ಮನೆಯಲ್ಲಿ ಗರ್ಭಿಣಿ ಇದ್ದರೆ ಗಂಡಹೆಂಡಿರು ಒಟ್ಟಿಗೆ ಕುಳಿತು ಈ ಕೆಳಗಿನವುಗಳನ್ನು ನಿಶ್ಚಯಿಸಿ, ತಾಯಿ ಕಾರ್ಡಿನ ಜೊತೆಯಲ್ಲಿ ಬರೆದಿಡಿರಿ:

1. ಹೆರಿಗೆ ಯಾವ ಆಸ್ಪತ್ರೆಯಲ್ಲಿ? ತೊಂದರೆಯಾದರೆ ಮುಂದಿನ ಆಸ್ಪತ್ರೆ ಯಾವುದು?
2. 108 ತಡವಾದರೆ ರಾತ್ರಿಯಲ್ಲೂ ವಾಹನ ಕೊಡುವ ಊರಿನವರು ಯಾರು?
3. ಹೆಂಡತಿಯ ರಕ್ತದ ಗುಂಪು ಯಾವುದು? ರಕ್ತ ಕೊಡಲು ಒಪ್ಪಿರುವ ಇಬ್ಬರು ಯಾರು?
4. ಹೆರಿಗೆಯ ವೇಳೆ ಜೊತೆಗಿರುವವರು ಯಾರು? ಮನೆಯಲ್ಲಿ ಹಿರಿಯ ಮಗುವನ್ನೂ ದನಕರುಗಳನ್ನೂ ನೋಡಿಕೊಳ್ಳುವವರು ಯಾರು?
5. ಹೆರಿಗೆಯ ನಂತರದ ಆರು ವಾರಗಳಲ್ಲಿ ತಾಯಿಗೆ ಪ್ರತಿದಿನ ಬಿಡುವು ಮಾಡಿಕೊಡುವವರು ಯಾರು?

ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಶಾ ಕಾರ್ಯಕರ್ತೆಯು ನಿಮ್ಮ ಮನೆಗೆ ಬರುತ್ತಾರೆ. ಅವರಿಗೆ ಕೂಸನ್ನು ಮಾತ್ರ ತೋರಿಸಿ ಕಳುಹಿಸಬೇಡಿರಿ. ತಾಯಿಯು ಅವರೊಡನೆ ಹತ್ತು ನಿಮಿಷ ಮನಬಿಚ್ಚಿ ಮಾತನಾಡಲು ಎಡೆಮಾಡಿಕೊಡಿರಿ.

ಈ ಐದು ಪ್ರಶ್ನೆಗಳಿಗೂ ಉತ್ತರವಾಗಿ ಕೆಲವು ಹೆಸರುಗಳನ್ನು ನೀವು ಬರೆಯುವಿರಿ. ಬರೆದಾದ ಮೇಲೆ ಆ ಹೆಸರುಗಳನ್ನು ಒಮ್ಮೆ ಓದಿಕೊಳ್ಳಿರಿ. ಹುಟ್ಟಲಿರುವ ನಿಮ್ಮ ಕೂಸು ಲೋಕಕ್ಕೆ ಬರುವ ಮುಂಚೆಯೇ ಅದಕ್ಕಾಗಿ ಎಷ್ಟು ಜನ ಸಿದ್ಧರಾಗಿದ್ದಾರೆಂಬುದು ಆಗ ತಿಳಿಯುತ್ತದೆ. ಒಂದು ಪ್ರಶ್ನೆಗೆ ಹೆಸರು ದೊರೆಯದೆ ಜಾಗ ಖಾಲಿ ಉಳಿದರೆ, ನಾಳೆಯೇ ನಿಮ್ಮ ಉಪಕೇಂದ್ರಕ್ಕೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಆ ಜಾಗವನ್ನು ತುಂಬುವುದು ನಮ್ಮ ಕರ್ತವ್ಯ.